ಕೊಡಗಿನಲ್ಲಿ ಕೆಲಸದ ಸ್ಥಳದಲ್ಲೇ ತರಬೇತಿ: ಉದ್ಯೋಗದಾತರಿಗೂ ಕೆಲಸ ಹುಡುಕುವವರಿಗೂ ಹಂತಹಂತದ ಮಾರ್ಗದರ್ಶಿ

ಕೊಡಗಿನಲ್ಲಿ ಕೆಲಸದ ಸ್ಥಳದ ತರಬೇತಿ ಹಾಳಾಗುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಯುವಕನನ್ನೋ ಯುವತಿಯನ್ನೋ ಮೊದಲು ಕೆಲಸಕ್ಕೆ ಇಳಿಸುತ್ತಾರೆ, ಒಪ್ಪಂದ ಮತ್ತು ನೋಂದಣಿಯನ್ನು ಆಮೇಲೆ ನೋಡೋಣ ಎಂದು ಬಿಡುತ್ತಾರೆ. ಮೂರು ತಿಂಗಳ ನಂತರ ಸರ್ಕಾರದ ಪಾಲಿನ ಶಿಷ್ಯವೇತನ ಬಂದಿರುವುದಿಲ್ಲ, ಏನು ಕಲಿಸಿದೆವು ಎಂಬುದಕ್ಕೆ ಬರಹವಿರುವುದಿಲ್ಲ, ಕಲಿಯುವವರು ಬೇಸತ್ತು ಮೈಸೂರಿನ ಬಸ್ ಹತ್ತಿರುತ್ತಾರೆ. ತೋಟದ ಮಾಲೀಕರು ಹುಡುಗರಿಗೆ ಶ್ರದ್ಧೆ ಇಲ್ಲ ಎನ್ನುತ್ತಾರೆ, ಹುಡುಗರು ಕಲಿಸುವ ನೆಪದಲ್ಲಿ ದುಡಿಸಿಕೊಂಡರು ಎನ್ನುತ್ತಾರೆ. ಹಂತಗಳ ಕ್ರಮ ಸರಿಯಿದ್ದರೆ ಈ ಎರಡು ದೂರುಗಳಲ್ಲಿ ಬಹುಪಾಲು ಹುಟ್ಟುವುದೇ ಇಲ್ಲ. ಆದ್ದರಿಂದ ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡದೆ ಪಾಲಿಸಿ.

ಆರಂಭಕ್ಕೆ ಮೊದಲು ಕೈಯಲ್ಲಿ ಇರಬೇಕಾದದ್ದು

ಉದ್ಯೋಗದಾತರಿಗೆ: ಸಂಸ್ಥೆಯ ಪ್ಯಾನ್, ಜಿಎಸ್‌ಟಿ ಅಥವಾ ಉದ್ಯಮ್ ನೋಂದಣಿಯಂತಹ ದಾಖಲೆ, ಸಂಸ್ಥೆಯ ಹೆಸರಿನ ಬ್ಯಾಂಕ್ ಖಾತೆ, ಕಾಯಂ ಮತ್ತು ಗುತ್ತಿಗೆ ಸಿಬ್ಬಂದಿಯ ಸರಿಯಾದ ಲೆಕ್ಕ, ಯಾವಾಗಲೂ ಸಂಪರ್ಕಕ್ಕೆ ಸಿಗುವ ಒಂದು ಇಮೇಲ್ ಮತ್ತು ಮೊಬೈಲ್ ಸಂಖ್ಯೆ.

ಕಲಿಯುವವರಿಗೆ: ಆಧಾರ್, ಅದಕ್ಕೆ ಜೋಡಣೆಯಾದ ಮೊಬೈಲ್ ಸಂಖ್ಯೆ, ಅಂಕಪಟ್ಟಿ, ಸ್ವಂತ ಹೆಸರಿನ ಬ್ಯಾಂಕ್ ಖಾತೆ. ತಂದೆಯ ಅಥವಾ ಅಣ್ಣನ ಖಾತೆ ನಡೆಯುವುದಿಲ್ಲ.

ಇವಲ್ಲದೆ ಇಬ್ಬರಿಗೂ ಒಂದೊಂದು ಇನ್ನೂರು ಪುಟದ ನೋಟ್‌ಬುಕ್ ಬೇಕು. ಅದರ ಕೆಲಸ ಏಳನೆಯ ಹಂತದಲ್ಲಿ ಬರುತ್ತದೆ.

ಹಂತ 1: ಕಲಿಸುವ ಕೆಲಸವನ್ನು ಬರೆದು ಇಳಿಸಿ

"ತೋಟದ ಕೆಲಸ", "ಹೋಟೆಲ್ ಕೆಲಸ" ಎಂದು ಬರೆದರೆ ಅದು ತರಬೇತಿ ಯೋಜನೆಯಾಗುವುದಿಲ್ಲ. ಅವಧಿ ಮುಗಿದ ದಿನ ಈ ವ್ಯಕ್ತಿ ಯಾರ ಸಹಾಯವೂ ಇಲ್ಲದೆ ಏನು ಮಾಡಬಲ್ಲರು ಎಂಬುದನ್ನು ಹತ್ತು ಹನ್ನೆರಡು ಸಾಲುಗಳಲ್ಲಿ ಬರೆಯಿರಿ. ಪ್ರತಿ ಸಾಲೂ ಕಣ್ಣಾರೆ ನೋಡಿ ಹೌದು ಅಥವಾ ಇಲ್ಲ ಎಂದು ಹೇಳುವಂತಿರಬೇಕು.

ತೋಟದ ಯಂತ್ರ ನಿರ್ವಹಣೆ ಕಲಿಸುವುದಾದರೆ ಸಾಲುಗಳು ಹೀಗಿರಬಹುದು: ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಬಿಚ್ಚಿ ತೊಳೆದು, ಹಣ್ಣಿನ ಗಾತ್ರಕ್ಕೆ ತಕ್ಕಂತೆ ಅಂತರ ಹೊಂದಿಸಬಲ್ಲರು. ಸ್ಪ್ರಿಂಕ್ಲರ್ ಪೈಪ್ ಜೋಡಿಸಿ, ಪಂಪ್‌ಸೆಟ್ ಚಾಲೂ ಮಾಡಿ, ಒತ್ತಡ ಕಡಿಮೆಯಾದರೆ ಕಾರಣ ಹುಡುಕಬಲ್ಲರು. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತು ಮತ್ತು 1 ಕೆ.ಜಿ. ಸುಣ್ಣದ ಲೆಕ್ಕದಲ್ಲಿ ಶೇ. 1ರ ಬೋರ್ಡೋ ದ್ರಾವಣ (ಶಿಲೀಂಧ್ರ ರೋಗ ತಡೆಯುವ ಸಿಂಪಡಣೆ) ತಯಾರಿಸಿ, ಹೊಳಪಿನ ಚಾಕುವನ್ನು ಅದ್ದಿ ನೋಡಿ, ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣ ಬೆರೆಸಬೇಕೆಂದು ಅರಿಯಬಲ್ಲರು. ಕಣದಲ್ಲಿ ಒಣಗಿದ ಕಾಫಿಯ ತೇವಾಂಶವನ್ನು ಮಾಪಕದಲ್ಲಿ ಅಳೆದು, ಪಾರ್ಚ್‌ಮೆಂಟ್‌ಗೆ (ಸಿಪ್ಪೆ ಬಿಡಿಸಿ ಒಣಗಿಸಿದ ಕಾಫಿ) ಶೇ. 10, ರೋಬಸ್ಟಾ ಚೆರ್ರಿಗೆ (ಸಿಪ್ಪೆಸಹಿತ ಒಣಗಿಸಿದ ಹಣ್ಣು) ಶೇ. 11 ಎಂಬ ಮಟ್ಟ ತಲುಪಿದೆಯೇ ಎಂದು ಹೇಳಬಲ್ಲರು.

ಹೋಂಸ್ಟೇ ಅಥವಾ ರೆಸಾರ್ಟ್‌ನಲ್ಲಿಯೂ ಇದೇ ಕ್ರಮ. "ಕೋಣೆ ಸ್ವಚ್ಛ ಮಾಡುವುದು" ಎಂದು ಬರೆಯಬೇಡಿ. ಅತಿಥಿ ಹೊರಟ ಕೋಣೆಯನ್ನು ನಿಗದಿತ ಸಮಯದಲ್ಲಿ ಮುಂದಿನ ಅತಿಥಿಗೆ ಸಿದ್ಧಗೊಳಿಸಬಲ್ಲರು, ಮಳೆಗಾಲದಲ್ಲಿ ಹಾಸಿಗೆ ಮತ್ತು ಪರದೆಗಳಿಗೆ ಬೂಷ್ಟು ಹಿಡಿಯದಂತೆ ನೋಡಿಕೊಳ್ಳಬಲ್ಲರು, ಬುಕಿಂಗ್ ಬದಲಾವಣೆಯನ್ನು ಕಂಪ್ಯೂಟರ್‌ನಲ್ಲಿ ದಾಖಲಿಸಬಲ್ಲರು ಎಂದು ಬರೆಯಿರಿ.

ಈ ಪಟ್ಟಿ ಬರೆಯಲು ಕುಳಿತಾಗ ನಾಲ್ಕು ಸಾಲುಗಳಿಗಿಂತ ಹೆಚ್ಚು ಹೊಳೆಯದಿದ್ದರೆ ಅದನ್ನು ಎಚ್ಚರಿಕೆ ಎಂದು ತಿಳಿಯಿರಿ. ನಿಮಗೆ ಬೇಕಿರುವುದು ಕಲಿಯುವವರಲ್ಲ, ಕೂಲಿಗೆ ಒಬ್ಬ ಆಳು. ಹಾಗಿದ್ದರೆ ಕನಿಷ್ಠ ವೇತನ ಕೊಟ್ಟು ನೇರವಾಗಿ ಕೆಲಸಕ್ಕೆ ತೆಗೆದುಕೊಳ್ಳುವುದೇ ನ್ಯಾಯ.

ಹಂತ 2: ಹಂಗಾಮು ನೋಡಿ ಆರಂಭದ ತಿಂಗಳು ಆರಿಸಿ

ಬೇರೆ ಜಿಲ್ಲೆಯ ಕಾರ್ಖಾನೆಗೆ ಬರೆದ ವೇಳಾಪಟ್ಟಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕೊಡಗಿನ ದುಡಿಮೆ ಮಳೆಗೂ ಕಾಫಿಗೂ ಕಟ್ಟುಬಿದ್ದಿದೆ. ತಪ್ಪು ತಿಂಗಳಲ್ಲಿ ಆರಂಭಿಸಿದರೆ ಒಂದೋ ಕಲಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ, ಇಲ್ಲವೇ ಕಲಿಯಲು ಕೆಲಸವೇ ಇರುವುದಿಲ್ಲ.

ತೋಟದ ಯಂತ್ರಗಳ ತರಬೇತಿಗೆ ಸೆಪ್ಟೆಂಬರ್ ಅಥವಾ ಅಕ್ಟೋಬರ್ ಒಳ್ಳೆಯದು. ಮಳೆ ತಗ್ಗಿರುತ್ತದೆ, ಪಲ್ಪರ್ ಮತ್ತು ಕಣದ ದುರಸ್ತಿ ನಡೆಯುವ ಕಾಲ ಅದು. ಬಿಚ್ಚಿ ಕಲಿಯುವ ಅವಕಾಶ ಆಗ ಇರುತ್ತದೆ. ನವೆಂಬರ್‌ನಿಂದ ಅರೇಬಿಕಾ, ನಂತರ ಡಿಸೆಂಬರ್ ಕೊನೆಯಿಂದ ರೋಬಸ್ಟಾ ಕೊಯ್ಲು. ಆ ವೇಳೆಗೆ ಕಲಿಯುವವರು ಯಂತ್ರದ ಪಕ್ಕ ನಿಲ್ಲುವಷ್ಟಾಗಿರುತ್ತಾರೆ. ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ ಹೂವಿಗಾಗಿ ಸ್ಪ್ರಿಂಕ್ಲರ್ ಓಡುತ್ತದೆ, ಅದೇ ಸುಮಾರಿಗೆ ಕಾಳುಮೆಣಸಿನ ಕೊಯ್ಲು. ಮುಂಗಾರಿಗೆ ಮೊದಲು ಬೋರ್ಡೋ ಸಿಂಪಡಣೆ, ಮಳೆಗಾಲದಲ್ಲಿ ಕಳೆ ಕತ್ತರಿಸುವ ಯಂತ್ರ, ಚರಂಡಿ, ನೆರಳು ನಿರ್ವಹಣೆ. ಹೀಗೆ ಹನ್ನೆರಡು ತಿಂಗಳ ಒಂದು ಸುತ್ತು ಪೂರ್ಣವಾಗುತ್ತದೆ. ಜನವರಿಯಲ್ಲಿ, ಕೊಯ್ಲಿನ ನಡುವೆ ಸೇರಿಸಿಕೊಂಡವರು ಮೂಟೆ ಹೊರುವುದನ್ನು ಬಿಟ್ಟು ಬೇರೇನೂ ಕಲಿಯುವುದಿಲ್ಲ. ನಾನು ಕಂಡಂತೆ ಅತಿ ಹೆಚ್ಚು ಮಂದಿ ಅರ್ಧದಲ್ಲಿ ಬಿಟ್ಟುಹೋಗುವುದು ಈ ಗುಂಪಿನಲ್ಲೇ.

ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದಂತಹ ಕಡೆ ಕಾಫಿ ಸಂಸ್ಕರಣಾ ಘಟಕಗಳಿಗೆ ಸೇರುವವರು ಸರಕು ಬರುವ ಮೊದಲೇ, ಅಂದರೆ ನವೆಂಬರ್ ಆಸುಪಾಸು ಸೇರಬೇಕು.

ಹೋಟೆಲ್, ರೆಸಾರ್ಟ್‌ಗಳಲ್ಲಿ ಜೂನ್ ಮತ್ತು ಜುಲೈನ ವಾರದ ನಡುವಿನ ದಿನಗಳಲ್ಲಿ ಅತಿಥಿಗಳು ಕಡಿಮೆ. ಮೂಲಪಾಠಕ್ಕೆ ಅದೇ ಸಮಯ. ದಸರಾ ಮತ್ತು ಡಿಸೆಂಬರ್‌ನ ಜನಜಂಗುಳಿಯನ್ನು ಎದುರಿಸುವ ಹೊತ್ತಿಗೆ ಕೈ ಪಳಗಿರುತ್ತದೆ.

ಹಂತ 3: ನಿಮಗೆ ಹೊಂದುವ ದಾರಿ ಯಾವುದು ಎಂದು ನಿರ್ಧರಿಸಿ

ಇದರಲ್ಲಿ ಎಡವಿದರೆ ಮುಂದಿನದೆಲ್ಲ ವ್ಯರ್ಥ. ಮುಖ್ಯ ದಾರಿ 1961ರ ಅಪ್ರೆಂಟಿಸ್ ಕಾಯ್ದೆಯದು. ಒಪ್ಪಂದದ ಮೇಲೆ ಕೆಲಸದ ಸ್ಥಳದಲ್ಲೇ ಕಲಿಯುವವರು ಅಪ್ರೆಂಟಿಸ್. 2019ರಲ್ಲಿ ತಿದ್ದಿದ ನಿಯಮಗಳ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಸಂಖ್ಯೆ ಒಟ್ಟು ಸಿಬ್ಬಂದಿಯ ಶೇ. 2.5ರಿಂದ ಶೇ. 15ರ ನಡುವೆ ಇರಬೇಕು, ಗುತ್ತಿಗೆ ಸಿಬ್ಬಂದಿಯೂ ಈ ಲೆಕ್ಕಕ್ಕೆ ಸೇರುತ್ತಾರೆ. 4ರಿಂದ 29 ಸಿಬ್ಬಂದಿ ಇರುವವರಿಗೆ ಇದು ಐಚ್ಛಿಕ. ಇಬ್ಬರು ಮೂವರು ಇರುವ ಹೋಂಸ್ಟೇ ಒಂಟಿಯಾಗಿ ಈ ದಾರಿಯಲ್ಲಿ ಹೋಗಲಾಗದು. ಆದರೆ ಹಲವು ಉದ್ಯೋಗದಾತರು ಒಟ್ಟಾಗಿ ತರಬೇತಿ ನೀಡಲು ಕಾಯ್ದೆಯಲ್ಲೇ ಅವಕಾಶವಿದೆ. ಅಪ್ರೆಂಟಿಸ್‌ಶಿಪ್ ಸಲಹೆಗಾರರ (ಈ ಕಾಯ್ದೆಯಡಿಯ ಸರ್ಕಾರಿ ಅಧಿಕಾರಿ) ಒಪ್ಪಿಗೆ ಬೇಕು. ಗೋಣಿಕೊಪ್ಪದ ವರ್ಕ್‌ಶಾಪ್ ಮತ್ತು ಸುತ್ತಲಿನ ನಾಲ್ಕೈದು ತೋಟಗಳು ಕೈಜೋಡಿಸಿದರೆ ಕಲಿಯುವವರಿಗೆ ಯಂತ್ರಗಳ ವೈವಿಧ್ಯವೂ ಸಿಗುತ್ತದೆ. ಕೊಡಗಿನ ಸಣ್ಣ ಹಿಡುವಳಿಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ.

ಈ ಕಾಯ್ದೆಯಡಿ ಪದವಿ ಮತ್ತು ಡಿಪ್ಲೊಮಾ ಮುಗಿಸಿದವರಿಗೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ ಇದೆ. ಐಟಿಐ ಮುಗಿಸಿದವರು ಮತ್ತು ಶಾಲೆ ಬಿಟ್ಟವರು 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಡಿ ಬರುತ್ತಾರೆ. ಎರಡಕ್ಕೂ ಪೋರ್ಟಲ್ ಬೇರೆ ಬೇರೆ. ಕುಶಾಲನಗರದ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮಾಡಿದವರೂ ಮಡಿಕೇರಿಯ ಐಟಿಐಯಲ್ಲಿ ಓದಿದವರೂ ಒಂದೇ ಕಡೆ ಅರ್ಜಿ ಹಾಕಿ ಕಾಯುತ್ತಾ ಕುಳಿತುಕೊಳ್ಳುವುದು ಮತ್ತೆ ಮತ್ತೆ ಕಾಣುವ ತಪ್ಪು.

ತರಗತಿಯಲ್ಲಿ ಸ್ವಲ್ಪ ಕಾಲ ಕಲಿತು ನಂತರ ಕೆಲಸದ ಸ್ಥಳಕ್ಕೆ ಹೋಗಬೇಕೆನ್ನುವವರು ಪ್ರಧಾನ ಮಂತ್ರಿ ಕೌಶಲ ವಿಕಾಸ ಯೋಜನೆ ಅಥವಾ ರಾಜ್ಯದ ಮುಖ್ಯಮಂತ್ರಿ ಕೌಶಲ್ಯ ಕರ್ನಾಟಕ ಯೋಜನೆಯ ಕೋರ್ಸ್‌ಗಳನ್ನು ವಿಚಾರಿಸಬೇಕು. ಯಾವ ಕೋರ್ಸ್ ಈಗ ನಡೆಯುತ್ತಿದೆ ಎಂಬುದನ್ನು ಮಡಿಕೇರಿಯಲ್ಲಿರುವ ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ಕೇಳಿಯೇ ಹೊರಡಿ. ಹಳೆಯ ಪ್ರಕಟಣೆಯ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ನೋಡಿ ಹೊರಡಬೇಡಿ.

ಯುವನಿಧಿ ಪಡೆಯುತ್ತಿರುವವರು ಗಮನಿಸಿ. ಅಪ್ರೆಂಟಿಸ್ ಆಗಿ ಶಿಷ್ಯವೇತನ ಪಡೆಯಲು ಆರಂಭಿಸಿದ ಮೇಲೆ ಆ ನಿರುದ್ಯೋಗ ಭತ್ಯೆಗೆ ಅರ್ಹತೆ ಉಳಿಯುವುದಿಲ್ಲ. ಪದವೀಧರರಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ ಬರುತ್ತಿದ್ದರೂ ಸ್ವಯಂಘೋಷಣೆಯಲ್ಲಿ ಸುಳ್ಳು ಬರೆದು ಎರಡನ್ನೂ ಪಡೆಯಲು ಹೋಗಬೇಡಿ. ಎರಡೂ ಆಧಾರ್ ಮೂಲಕವೇ ಹಾದುಹೋಗುತ್ತವೆ.

ಹಂತ 4: ಹೆಸರು ಮತ್ತು ಖಾತೆ ಸರಿಪಡಿಸಿ

ಇದನ್ನು ಆರಂಭಕ್ಕೆ ಕನಿಷ್ಠ ಒಂದು ತಿಂಗಳು ಮೊದಲು ಮುಗಿಸಿ. ಕೊಡಗಿನಲ್ಲಿ ಹೆಸರಿನ ತೊಡಕು ಹೆಚ್ಚು. ಮನೆಹೆಸರು ಅಂಕಪಟ್ಟಿಯಲ್ಲಿ ಒಂದಕ್ಷರವಾಗಿರುತ್ತದೆ, ಆಧಾರ್‌ನಲ್ಲಿ ಪೂರ್ತಿಯಾಗಿ ಮುಂದೆ ಬಂದಿರುತ್ತದೆ, ಬ್ಯಾಂಕಿನಲ್ಲಿ ತಂದೆಯ ಹೆಸರಿನೊಡನೆ ಹಿಂದೆ ಸೇರಿರುತ್ತದೆ. ಮನುಷ್ಯರಿಗೆ ಅದು ಒಬ್ಬರೇ ಎಂದು ತಿಳಿಯುತ್ತದೆ, ಗಣಕಕ್ಕೆ ಮೂವರು ಬೇರೆ ಬೇರೆ ವ್ಯಕ್ತಿಗಳು. ಅಂಕಪಟ್ಟಿ ತಿದ್ದಿಸುವುದು ಕಷ್ಟ. ಆದ್ದರಿಂದ ಅದರಂತೆಯೇ ಆಧಾರ್ ತಿದ್ದಿಸಿ, ನಂತರ ಆಧಾರ್‌ನಂತೆ ಬ್ಯಾಂಕ್ ಖಾತೆ ತಿದ್ದಿಸಿ. ಈ ಕ್ರಮ ಬದಲಾದರೆ ಎರಡೆರಡು ಬಾರಿ ಓಡಾಡಬೇಕಾಗುತ್ತದೆ.

ಎರಡನೆಯದು ಖಾತೆಯ ವಿಚಾರ. ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟರೆ ಸಾಲದು. ನೇರ ನಗದು ವರ್ಗಾವಣೆಗೆ ಆ ಖಾತೆ ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ವ್ಯವಸ್ಥೆಯಲ್ಲಿ ಆಧಾರ್‌ಗೆ ಜೋಡಣೆಯಾಗಿರಬೇಕು. ಒಂದು ಕಾಲಕ್ಕೆ ಒಂದೇ ಖಾತೆ ಹಾಗೆ ಇರುತ್ತದೆ, ಕೊನೆಯದಾಗಿ ಜೋಡಿಸಿದ್ದೇ ಲೆಕ್ಕಕ್ಕೆ. ಗೃಹಲಕ್ಷ್ಮಿ ಹಣಕ್ಕಾಗಿ ಅಲೆದ ತಾಯಂದಿರನ್ನು ಕೇಳಿದರೆ ಈ ಕಷ್ಟ ಏನೆಂದು ವಿವರಿಸುತ್ತಾರೆ. ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿಯನ್ನು ನೋಡಿ, ಸಕ್ರಿಯ ಎಂದಿದ್ದರೆ ಮಾತ್ರ ಮುಂದಿನ ಹಂತಕ್ಕೆ ಹೋಗಿ.

ಹಂತ 5: ಪೋರ್ಟಲ್ ನೋಂದಣಿ ಮತ್ತು ಒಪ್ಪಂದ

ಕ್ರಮ ಹೀಗಿದೆ. ಸಂಸ್ಥೆ ಮೊದಲು ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳುತ್ತದೆ. ನಂತರ ಯಾವ ವೃತ್ತಿಗೆ ಎಷ್ಟು ಸ್ಥಾನ ಎಂದು ಅವಕಾಶವನ್ನು ಪ್ರಕಟಿಸುತ್ತದೆ. ಅಭ್ಯರ್ಥಿ ಆಧಾರ್ ದೃಢೀಕರಣದೊಡನೆ ತನ್ನ ವಿವರ ದಾಖಲಿಸಿ ಅರ್ಜಿ ಹಾಕುತ್ತಾನೆ ಅಥವಾ ಹಾಕುತ್ತಾಳೆ. ಸಂಸ್ಥೆ ಆಯ್ಕೆ ಮಾಡಿ ಒಪ್ಪಂದ ಸಿದ್ಧಪಡಿಸುತ್ತದೆ. ಅಭ್ಯರ್ಥಿ ಅದನ್ನು ಓದಿ ಒಪ್ಪಬೇಕು. 18 ತುಂಬದವರ ಪರವಾಗಿ ಪೋಷಕರು ಸಹಿ ಮಾಡಬೇಕು. ಕಾಯ್ದೆಯ ಕನಿಷ್ಠ ವಯಸ್ಸು 14, ಅಪಾಯಕಾರಿ ಉದ್ಯಮಗಳಿಗೆ 18. ಕಳೆ ಯಂತ್ರ, ಗರಗಸ, ಮರ ಹತ್ತುವ ಕೆಲಸ ಇರುವ ಯಾವುದಕ್ಕೂ 18 ತುಂಬದವರನ್ನು ತೆಗೆದುಕೊಳ್ಳಲೇಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ವೃತ್ತಿಯ ಹೆಸರನ್ನು ಆರಿಸುವಾಗ ಹಂತ 1ರ ಪಟ್ಟಿಯನ್ನು ಎದುರಿಗೆ ಇಟ್ಟುಕೊಳ್ಳಿ. ಕಲಿಸುವುದು ಪಂಪ್ ದುರಸ್ತಿ, ಪೋರ್ಟಲ್‌ನಲ್ಲಿ ಆರಿಸಿದ್ದು ಕಚೇರಿ ಸಹಾಯಕ ಎಂದಾದರೆ ಕೊನೆಯ ಮೌಲ್ಯಮಾಪನದಲ್ಲಿ ಬಡಪಾಯಿ ಅಭ್ಯರ್ಥಿಯೇ ಅನುತ್ತೀರ್ಣ ಆಗುವುದು.

ತೋಟದೊಳಗೆ ಕುಳಿತು ಇದನ್ನು ಮಾಡಲು ಹೋಗಬೇಡಿ. ಒಟಿಪಿ ಬರುವಷ್ಟರಲ್ಲಿ ಅವಧಿ ಮುಗಿದು, ಮತ್ತೆ ಮತ್ತೆ ಯತ್ನಿಸಿ ಪೋರ್ಟಲ್ ತಡೆಹಿಡಿಯುವುದುಂಟು. ಇಬ್ಬರೂ ಪೇಟೆಗೆ ಬಂದು, ಒಂದೇ ಮೇಜಿನ ಎದುರು ಕುಳಿತು ಮುಗಿಸಿ.

ಒಪ್ಪಂದಕ್ಕೆ ಸಂಖ್ಯೆ ಬಂದ ಮೇಲೆಯೇ ಮೊದಲ ದಿನದ ಕೆಲಸ. ಇದು ಬರಿಯ ಔಪಚಾರಿಕತೆಯಲ್ಲ. ನೋಂದಾಯಿತ ಒಪ್ಪಂದವಿದ್ದರೆ ಕಾನೂನಿನ ದೃಷ್ಟಿಯಲ್ಲಿ ಆ ವ್ಯಕ್ತಿ ತರಬೇತಿ ಪಡೆಯುವವರು, ಕಾರ್ಮಿಕರಲ್ಲ. ಇಲ್ಲದಿದ್ದರೆ "ಟ್ರೈನಿ" ಎಂದು ಕರೆದ ಮಾತ್ರಕ್ಕೆ ಏನೂ ಬದಲಾಗುವುದಿಲ್ಲ, ಆ ವ್ಯಕ್ತಿ ಕಾರ್ಮಿಕನೇ. ಕನಿಷ್ಠ ವೇತನ ಮತ್ತಿತರ ಹೊಣೆಗಳೆಲ್ಲ ಮೊದಲ ದಿನದಿಂದಲೇ ಅನ್ವಯಿಸುತ್ತವೆ.

ಕಲಿಯುವವರಿಗೆ ಇಲ್ಲಿ ಮೂರು ಅಪಾಯದ ಸೂಚನೆಗಳು: ಠೇವಣಿ ಕೇಳುವುದು, ಮೂಲ ಅಂಕಪಟ್ಟಿಯನ್ನು ಇಟ್ಟುಕೊಳ್ಳುವುದು, ಒಪ್ಪಂದದ ಪ್ರತಿ ಕೊಡಲು ಹಿಂಜರಿಯುವುದು. ಈ ಮೂರರಲ್ಲಿ ಒಂದು ಕಂಡರೂ ಹಿಂದಿರುಗಿ.

ಹಂತ 6: ಕಲಿಸುವವರನ್ನು ಗೊತ್ತುಮಾಡಿ

ಒಬ್ಬರೇ, ಹೆಸರು ಹಿಡಿದು. ಎಲ್ಲರೂ ಕಲಿಸುತ್ತಾರೆ ಎಂದರೆ ಯಾರೂ ಕಲಿಸುವುದಿಲ್ಲ. ತೋಟದಲ್ಲಿ ಸಾಮಾನ್ಯವಾಗಿ ಹಿರಿಯ ಮೇಸ್ತ್ರಿಯೋ ಮೆಕ್ಯಾನಿಕ್ಕೋ ಈ ಹೊಣೆ ಹೊರುತ್ತಾರೆ. ಅವರ ಮನಸ್ಸಿನಲ್ಲಿ ಒಂದು ಭಯ ಇರುತ್ತದೆ: ಈ ಹುಡುಗ ಕಲಿತರೆ ನನ್ನ ಕೆಲಸ ಹೋಗುತ್ತದೆಯೇ? ಅದಕ್ಕೆ ಮಾಲೀಕರು ಮೊದಲೇ ಬಾಯಿಬಿಟ್ಟು ಉತ್ತರ ಹೇಳಬೇಕು. ಕಲಿಸುವುದಕ್ಕೆಂದು ತಿಂಗಳಿಗೆ ಒಂದಿಷ್ಟು ಭತ್ಯೆ ಕೊಡಿ, ವಾರದಲ್ಲಿ ಎರಡು ಗಂಟೆ ಬೇರೆ ಕೆಲಸದಿಂದ ಬಿಡುವು ಕೊಡಿ. ಭಯ ಉಳಿದ ಮೇಸ್ತ್ರಿ ಸ್ಪ್ಯಾನರ್ ಹಿಡಿಯಲು ಕೊಡುತ್ತಾನೆ, ಆದರೆ ಬೋಲ್ಟ್ ಬಿಗಿಯುವಾಗ ಬೆನ್ನು ತಿರುಗಿಸುತ್ತಾನೆ.

ಭಾಷೆಯನ್ನೂ ಯೋಚಿಸಿ. ಒಂದೇ ತೋಟದಲ್ಲಿ ಕನ್ನಡ, ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತಮಿಳು ಕೇಳಿಸುತ್ತವೆ. ಯರವ, ಜೇನುಕುರುಬ ಹಾಡಿಗಳಿಂದ ಬರುವ ಯುವಜನರಲ್ಲಿ ಕೆಲವರಿಗೆ ಕೆಲಸದ ಅರಿವು ಅಪಾರ, ಓದು ಕಡಿಮೆ. ಅಂತಹವರಿಗೆ ಬರಹದ ಸೂಚನೆಯ ಬದಲು ಯಂತ್ರದ ಮೇಲೆಯೇ ಬಣ್ಣದ ಗುರುತು, ಚಿತ್ರ, ಮೊಬೈಲ್‌ನಲ್ಲಿ ತೆಗೆದ ಕಿರು ವಿಡಿಯೋ ಬಳಸಿ. ಓದು ಬಾರದ್ದನ್ನು ಕೆಲಸ ಬಾರದ್ದು ಎಂದು ಎಣಿಸುವುದು ಅನ್ಯಾಯ, ಜಿಲ್ಲೆಗೆ ಅದರಿಂದ ನಷ್ಟವೂ ಇದೆ.

ಹಂತ 7: ಮೊದಲ ಎರಡು ವಾರ ಮತ್ತು ದಿನಚರಿ

ಮೊದಲ ವಾರ ಸುರಕ್ಷತೆಗೇ ಮೀಸಲು. ಬೂಟು, ಕೈಗವಸು, ಕಣ್ಣಿನ ಕನ್ನಡಕ, ಸಿಂಪಡಣೆಗೆ ಮುಖಗವಸು ಇವೆಲ್ಲ ಉದ್ಯೋಗದಾತರ ಖರ್ಚಿನಲ್ಲಿ. ಸಿಲ್ವರ್ ಓಕ್ ಮರಕ್ಕೆ ಏಣಿ ಇಟ್ಟು ಮೆಣಸು ಕೊಯ್ಯುವುದು, ವಿದ್ಯುತ್ ತಂತಿಯ ಹತ್ತಿರ ಅಲ್ಯೂಮಿನಿಯಂ ಏಣಿ ಸಾಗಿಸುವುದು, ಒದ್ದೆ ಕೈಯಲ್ಲಿ ಪಂಪ್‌ನ ಸ್ವಿಚ್ ಮುಟ್ಟುವುದು, ಈ ಮೂರರ ಅಪಾಯವನ್ನು ಸ್ಥಳದಲ್ಲೇ ತೋರಿಸಿ ಹೇಳಿ. ತರಬೇತಿಯ ವೇಳೆ ಅಪ್ರೆಂಟಿಸ್‌ಗೆ ಗಾಯವಾದರೆ ಪರಿಹಾರದ ಹೊಣೆ ಉದ್ಯೋಗದಾತರದ್ದು ಎಂದು ಕಾಯ್ದೆ ಹೇಳುತ್ತದೆ.

ಓಡಾಟದ ಸಮಯವನ್ನೂ ಈಗಲೇ ನಿಗದಿಮಾಡಿ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ ಬೆಳಕು ಹರಿಯುವ ಮೊದಲು ತೋಟದ ದಾರಿಯಲ್ಲಿ ಒಬ್ಬರೇ ನಡೆಯುವುದು ಆನೆಯ ಕಾರಣಕ್ಕೆ ಪ್ರಾಣಾಪಾಯ. ಬಸ್ಸಿನ ವೇಳೆ ನೋಡಿ ಹಾಜರಿ ಸಮಯ ಇಡಿ. ಭಾರೀ ಮಳೆಯಲ್ಲಿ ದಾರಿ ಕಡಿದರೆ ಗೈರುಹಾಜರಿಯನ್ನು ಹೇಗೆ ಲೆಕ್ಕ ಹಾಕುತ್ತೀರಿ ಎಂದು ಮೊದಲೇ ಬರೆದಿಡಿ.

ಈಗ ನೋಟ್‌ಬುಕ್. ಪ್ರತಿದಿನ ಎರಡು ಸಾಲು: ಇಂದು ಮಾಡಿದ್ದೇನು, ಅದರಲ್ಲಿ ಹೊಸದೇನು. ಶನಿವಾರ ಕಲಿಸುವವರ ಸಹಿ. ಬರೆಯಲು ಬಾರದವರು ಫೋಟೊ ತೆಗೆದಿಟ್ಟುಕೊಳ್ಳಲಿ. ಎರಡನೆಯ ಪುಸ್ತಕದಲ್ಲಿ ಮಾಲೀಕರು ಹಂತ 1ರ ಪಟ್ಟಿಯನ್ನು ಬರೆದು, ಪ್ರತಿ ಸಾಲಿನ ಎದುರು ಕಲಿತ ದಿನಾಂಕ ಹಾಕುತ್ತಾ ಹೋಗಬೇಕು.

ಸತತ ಮೂರು ವಾರ ಪುಸ್ತಕದಲ್ಲಿ ಅದೇ ಸಾಲು ಮರುಕಳಿಸಿದರೆ ತರಬೇತಿ ನಿಂತಿದೆ, ದುಡಿಮೆ ಮಾತ್ರ ನಡೆಯುತ್ತಿದೆ. ಅಂದೇ ಮಾತನಾಡಿ. ಹಾಗೆಯೇ ಅಪ್ರೆಂಟಿಸ್‌ಗಳನ್ನು ಸಲಹೆಗಾರರ ಒಪ್ಪಿಗೆ ಇಲ್ಲದೆ ಹೆಚ್ಚುವರಿ ಅವಧಿಗೆ ದುಡಿಸುವಂತಿಲ್ಲ. ಕೊಯ್ಲಿನ ತಿಂಗಳಲ್ಲಿ ಮುರಿಯುವ ಮೊದಲ ನಿಯಮ ಇದೇ.

ಹಂತ 8: ಶಿಷ್ಯವೇತನ

2019ರ ನಿಯಮದಲ್ಲಿ ತಿಂಗಳ ಕನಿಷ್ಠ ದರ ಹೀಗೆ ನಿಗದಿಯಾಯಿತು: 5ರಿಂದ 9ನೇ ತರಗತಿವರೆಗೆ ಓದಿದವರಿಗೆ 5,000 ರೂಪಾಯಿ, 10ನೇ ತರಗತಿ ಮುಗಿಸಿದವರಿಗೆ 6,000, 12ನೇ ತರಗತಿ ಅಥವಾ ಐಟಿಐಯವರಿಗೆ 7,000, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000. ದರಗಳು ಪರಿಷ್ಕರಣೆಯಾಗುವಂಥವು, ಆದ್ದರಿಂದ ಒಪ್ಪಂದದ ದಿನ ಪೋರ್ಟಲ್ ತೋರಿಸುವ ದರವನ್ನೇ ಹಿಡಿಯಿರಿ. ಇದು ಕನಿಷ್ಠ ಮಾತ್ರ, ಹೆಚ್ಚು ಕೊಡಲು ಅಡ್ಡಿಯಿಲ್ಲ. ಕೊಯ್ಲಿನ ದಿನಗೂಲಿಯಲ್ಲಿ ತಿಂಗಳಿಡೀ ದುಡಿದರೆ ಸಿಗುವುದರೊಡನೆ ಹೋಲಿಸಿದರೆ ಈ ಮೊತ್ತ ಕಡಿಮೆ ಎಂಬುದು ಕಲಿಯುವವರಿಗೆ ಮೊದಲ ತಿಂಗಳಲ್ಲೇ ಅರಿವಾಗುತ್ತದೆ. ಊಟ, ಬಸ್ ಖರ್ಚು ಅಥವಾ ವಸತಿಯನ್ನು ಉದ್ಯೋಗದಾತರು ಸೇರಿಸದಿದ್ದರೆ ಜನವರಿಯಲ್ಲಿ ಅವರು ಪಕ್ಕದ ತೋಟದ ಕೊಯ್ಲಿಗೆ ಹೋಗುವುದನ್ನು ತಡೆಯಲಾಗದು.

ಉತ್ತೇಜನ ಯೋಜನೆಯಲ್ಲಿ ಸರ್ಕಾರದ ಪಾಲು ಶಿಷ್ಯವೇತನದ ಶೇ. 25, ಆದರೆ ತಿಂಗಳಿಗೆ 1,500 ರೂಪಾಯಿ ಮೀರುವುದಿಲ್ಲ. 7,000 ರೂಪಾಯಿಯಲ್ಲಿ ಉದ್ಯೋಗದಾತರು 5,500 ಕೊಡುತ್ತಾರೆ, 1,500 ಸರ್ಕಾರದಿಂದ ನೇರವಾಗಿ ಕಲಿಯುವವರ ಖಾತೆಗೆ ಬರುತ್ತದೆ. 35 ವರ್ಷ ದಾಟಿದವರಿಗೆ ಈ ಪಾಲು ಸಿಗುವುದಿಲ್ಲ.

ಹಣವನ್ನು ಮುಂದಿನ ತಿಂಗಳ 10ನೇ ತಾರೀಕಿನೊಳಗೆ ಬ್ಯಾಂಕ್ ಮೂಲಕವೇ ಕೊಡಿ, ಅಂದೇ ಪೋರ್ಟಲ್‌ನಲ್ಲಿ ದಾಖಲಿಸಿ. ನಗದಾಗಿ ಕೊಟ್ಟದ್ದು ದಾಖಲೆಯಲ್ಲಿ ಇರುವುದಿಲ್ಲ, ದಾಖಲಾಗದಿದ್ದರೆ ಸರ್ಕಾರದ ಪಾಲು ನಿಲ್ಲುತ್ತದೆ. ಸಾಂದರ್ಭಿಕ ಮತ್ತು ವೈದ್ಯಕೀಯ ರಜೆಗೆ ಶಿಷ್ಯವೇತನ ಕಡಿತ ಮಾಡುವಂತಿಲ್ಲ.

ಹಂತ 9: ಮೌಲ್ಯಮಾಪನ ಮತ್ತು ನೇಮಕ

ಅವಧಿ ಮುಗಿಯಲು ಎರಡು ತಿಂಗಳಿರುವಾಗ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ಮೌಲ್ಯಮಾಪನದ ದಿನ ಮತ್ತು ಕೇಂದ್ರವನ್ನು ವಿಚಾರಿಸಿ. ಕೇಂದ್ರ ಜಿಲ್ಲೆಯ ಹೊರಗೆ ಬಂದರೆ ಪ್ರಯಾಣಕ್ಕೆ ರಜೆ ಕೊಡಿ. ಮಾಲೀಕರು ಕೈಬರಹದಲ್ಲಿ ಕೊಡುವ ಪ್ರಮಾಣಪತ್ರ ಅನುಭವಕ್ಕೆ ಸಾಕ್ಷಿಯಾಗಬಹುದು, ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರಕ್ಕೆ ಬದಲಿಯಾಗದು.

ಒಪ್ಪಂದದಲ್ಲಿ ಬರೆಯದಿದ್ದರೆ ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಡ್ಡಾಯ ಕಾಯ್ದೆಯಲ್ಲಿ ಇಲ್ಲ. ಇದನ್ನು ಕಲಿಯುವವರು ತಿಳಿದಿರಬೇಕು, ಉದ್ಯೋಗದಾತರು ಮುಚ್ಚಿಡಬಾರದು. ಕೆಲಸ ಕೊಡುವುದೋ ಇಲ್ಲವೋ ಎಂಬುದನ್ನು ಕೊನೆಯ ದಿನಕ್ಕೆ ಬಿಡದೆ ಆರು ವಾರ ಮೊದಲೇ ತಿಳಿಸಿ. ಇಲ್ಲ ಎಂದಾದರೆ ಅವರು ಜಿಲ್ಲೆಯ ಬೇರೆ ಕಡೆ ಅರ್ಜಿ ಹಾಕಲು ಸಮಯ ಸಿಗುತ್ತದೆ. ರಾಜ್ಯದ ಸ್ಕಿಲ್ ಕನೆಕ್ಟ್ ಪೋರ್ಟಲ್‌ನಲ್ಲಿ ಹೆಸರು ದಾಖಲಿಸಲು ಪ್ರಮಾಣಪತ್ರ ಬರುವವರೆಗೆ ಕಾಯಬೇಕಿಲ್ಲ.

ಕಾಯಂ ಮಾಡಿಕೊಳ್ಳುವ, ಭವಿಷ್ಯನಿಧಿ ವ್ಯಾಪ್ತಿಯ ಸಂಸ್ಥೆಗಳಿಗೆ ಇನ್ನೊಂದು ಅನುಕೂಲವಿದೆ. ಪ್ರಧಾನ ಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆಯು 2025ರ ಆಗಸ್ಟ್ 1ರಿಂದ 2027ರ ಜುಲೈ 31ರವರೆಗೆ ಸೃಷ್ಟಿಯಾಗುವ ಉದ್ಯೋಗಗಳಿಗೆ ಅನ್ವಯಿಸುತ್ತದೆ. ಭವಿಷ್ಯನಿಧಿಗೆ ಮೊದಲ ಬಾರಿ ಸೇರುವವರಿಗೆ ಒಂದು ತಿಂಗಳ ವೇತನದಷ್ಟು, ಗರಿಷ್ಠ 15,000 ರೂಪಾಯಿ, ಎರಡು ಕಂತುಗಳಲ್ಲಿ ಸಿಗುತ್ತದೆ. ಉದ್ಯೋಗದಾತರಿಗೆ ಪ್ರತಿ ಹೆಚ್ಚುವರಿ ಉದ್ಯೋಗಿಗೆ ತಿಂಗಳಿಗೆ ಗರಿಷ್ಠ 3,000 ರೂಪಾಯಿ. 50ಕ್ಕಿಂತ ಕಡಿಮೆ ಸಿಬ್ಬಂದಿ ಇರುವವರು ಕನಿಷ್ಠ ಇಬ್ಬರನ್ನು ಹೆಚ್ಚುವರಿಯಾಗಿ ಸೇರಿಸಿ, ಆರು ತಿಂಗಳು ಉಳಿಸಿಕೊಳ್ಳಬೇಕು. ಹೊಸ ಉದ್ಯೋಗಿಯ ಯುಎಎನ್ (ಭವಿಷ್ಯನಿಧಿ ಸದಸ್ಯರ ಕಾಯಂ ಗುರುತು) ಸಂಖ್ಯೆಯನ್ನು ಉಮಂಗ್ ಆ್ಯಪ್‌ನಲ್ಲಿ ಮುಖ ದೃಢೀಕರಣದ ಮೂಲಕ ಪಡೆಯಬೇಕಾಗುತ್ತದೆ. ಇದಕ್ಕೂ ನೆಟ್‌ವರ್ಕ್ ಬೇಕು, ನೇಮಕಾತಿ ಪತ್ರ ಕೊಡುವ ದಿನವೇ ಇಬ್ಬರೂ ಪೇಟೆಗೆ ಹೋಗಿ ಮುಗಿಸಿಕೊಂಡು ಬನ್ನಿ.